ಹಾಡಿನಿಂದ ತೆಗೆದ ಹೆಸರು

ಐವತ್ತು ದಾಟಿದ ಮೇಲೆ ನಾನು ಕಾಲೇಜಿಗೆ ಹೋದೆ. ಹೋದದ್ದು ಒಂದೇ ವಾರ, ಅದೂ ಬೇಸಿಗೆ ರಜೆಯಲ್ಲಿ. ಆದರೂ ಅರಸೀಕೆರೆಯ ನಮ್ಮ ಬೀದಿಯವರಿಗೆ ನಾನು ಇನ್ನೂ ‘ಕಾಲೇಜು ಹುಡುಗಿ’. ಮೈಸೂರಿನ ಒಂದು ಸಂಗೀತ ಕಾಲೇಜಿನವರು ಹಾಡು ಬರೆಯುವುದನ್ನು ಕಲಿಸುತ್ತೇವೆಂದು ಪ್ರಕಟಣೆ ಹಾಕಿದ್ದರು. ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರು, “ಹೋಗಿ ಬಾ. ಹೆಂಗೂ ಇಲ್ಲಿದ್ರೂ ಹಾಡ್ತಾನೇ ಇರ್ತೀಯ” ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ.

ನನಗೆ ಒಂದು ಹಾಡು ಬೇಕಿತ್ತು. ಮುಂದಿನ ತಿಂಗಳು ಮಗಳ ಮದುವೆ. ಮದುವೆ ಎಂದ ಮೇಲೆ ಸೋಬಾನೆ ಹೇಳಬೇಕು. ಅದರಲ್ಲಿ ಬೀಗರನ್ನು ರೇಗಿಸಬೇಕು, ಹುಡುಗಿಯನ್ನು ಎತ್ತಿ ಆಡಿಸಿದವರ ಹೆಸರನ್ನೆಲ್ಲ ಸೇರಿಸಬೇಕು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಆ ಕೆಲಸ ಹಾರನಹಳ್ಳಿಯ ಹಾಲಮ್ಮತ್ತೆಯದು, ಅಂದರೆ ಅಪ್ಪನ ಅಕ್ಕನದು. ನನ್ನ ಮದುವೆಯಲ್ಲಿ ಬೇಲೂರಿನಿಂದ ಬೀಗರನ್ನು ಕರೆತಂದ ಬಸ್ಸಿನ ಡ್ರೈವರನ ಹೆಸರನ್ನೂ ಅವರು ಹಾಡಿನಲ್ಲಿ ಹಾಕಿದ್ದರು. ಆತ ಎಂಜಲು ಕೈಯಲ್ಲೇ ಎದ್ದು ಬಂದು ನಿಂತು ಕೇಳಿದ. ಆದರೆ ಹಾಡುವವರು ತಮ್ಮ ಹೆಸರನ್ನು ತಾವೇ ಹಾಡಿಕೊಳ್ಳುವಂತಿಲ್ಲ. ಹಾಗಾಗಿ ಊರೆಲ್ಲ ಬಂದ ಅತ್ತೆಯ ಹಾಡಿನಲ್ಲಿ ಅತ್ತೆ ಮಾತ್ರ ಎಂದೂ ಬರಲಿಲ್ಲ. ಈಗ ಅವರ ಗಂಟಲು ಬಿದ್ದುಹೋಗಿದೆ. “ಈ ಸಲ ನೀನೇ ಹೇಳೇ. ನಾನು ಮುಂದೆ ಕೂತ್ಕಂಡು ಕೇಳ್ತೀನಿ” ಎಂದಿದ್ದರು.

ಶಿಬಿರದಲ್ಲಿ ಮಿಕ್ಕವರೆಲ್ಲ ಗಿಟಾರ್ ಹಿಡಿದ ಮಕ್ಕಳು. ಅವರ ಹಾಡುಗಳಲ್ಲಿ ಯಾರಾದರೊಬ್ಬರು ಇನ್ನೊಬ್ಬರನ್ನು ಬಿಟ್ಟು ಹೋಗುತ್ತಿದ್ದರು. ನನ್ನ ಹಾಡಿಗೆ ಮಾತ್ರ ಜನ ಬರುತ್ತಲೇ ಇದ್ದರು. ಮೇಷ್ಟ್ರು ನನ್ನ ಮಗನ ವಯಸ್ಸಿನವರು, ಬಹಳ ಮರ್ಯಾದಸ್ಥರು. “ಮೇಡಂ, ಇವರೆಲ್ಲ ಯಾರು ಅಂತ ಕೇಳೋರಿಗೆ ಗೊತ್ತಾಗಲ್ಲ. ಬೇಡದ್ದನ್ನೆಲ್ಲ ತೆಗೀರಿ, ಸ್ವಲ್ಪ ಜಾಗ ಖಾಲಿ ಬಿಡಿ” ಎಂದರು. ಅವರು ಹೇಳಿದ್ದು ತಪ್ಪಲ್ಲ. ನನಗೇ ಹೆಸರು ತೆಗೆಯುವುದರಲ್ಲಿ ರುಚಿ ಹತ್ತಿಬಿಟ್ಟಿತು. ಸೋದರಮಾವಂದಿರು ಹೋದರು, ಓರಗಿತ್ತಿಯರು ಹೋದರು. ಕೊನೆಗೆ ಉಳಿದದ್ದು ಹಾಲಮ್ಮತ್ತೆಯ ಹೆಸರಿದ್ದ ನುಡಿ. ಅವರೇನು ಬೇರೆಯವರೇ, ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಅದನ್ನೂ ತೆಗೆದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಆಗ ನಾನು ಹಳೇಬೀಡಿನ ಗುಡಿಯನ್ನು ನೆನೆಸಿಕೊಳ್ಳಬೇಕಿತ್ತು. ಆ ಗೋಡೆಯ ಮೇಲೆ ಅಂಗೈಯಗಲ ಖಾಲಿ ಜಾಗ ಹುಡುಕುವುದು ಕಷ್ಟ; ಆನೆಯ ಸಾಲಿನ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ. ಬೇಡದ ಕಲ್ಲನ್ನು ತೆಗೆಯುವುದೇ ಆ ಶಿಲ್ಪಿಗಳ ಕಸುಬು. ಆದರೂ ಅವರಲ್ಲಿ ಎಷ್ಟೋ ಜನ ಮೂರ್ತಿಯ ಕೆಳಗೆ ತಮ್ಮ ಹೆಸರನ್ನು ಕೆತ್ತಿಯೇ ಹೋಗಿದ್ದಾರೆ. ಸೋಬಾನೆ ಹೇಳಿದ ಹೆಂಗಸರಿಗೆ ಕೆತ್ತಿ ಹೋಗಲು ಕಲ್ಲೂ ಇಲ್ಲ.

ಬೀಗರು ಅದೇ ಹಳೇಬೀಡಿನವರು. ಮದುವೆಯ ದಿನ ನನ್ನ ಪುಟ್ಟ ಹಾಡು ಅವರಿಗೆ ತುಂಬಾ ಹಿಡಿಸಿತು, ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡರು. ಅತ್ತೆ ಮೊದಲ ಸಾಲಿನಲ್ಲಿ ಹೊಸ ಸೀರೆಯುಟ್ಟು, ಕಿವಿಯ ಹಿಂದೆ ಅಂಗೈ ಹಿಡಿದು ಕೂತಿದ್ದರು. ನಾನು ಹಾಡಿ ನಿಲ್ಲಿಸಿದ ಮೇಲೂ ಆ ಕೈ ಇಳಿಯಲಿಲ್ಲ. ಆಮೇಲೆ ಪಕ್ಕದವರನ್ನು, “ಮುಗೀತಾ?” ಎಂದು ಕೇಳಿದರು. ಅದು ನನಗೆ ಕೇಳಿಸಿತು.

ಮದುವೆಯ ಗದ್ದಲ ಕಳೆದ ಮೇಲೆ ಟೆಂಪೋ ಹತ್ತಿ ಹಾರನಹಳ್ಳಿಗೆ ಹೋದೆ. ಜಗಲಿಯ ಮೇಲೆ ಅತ್ತೆಯ ಎದುರು ಕೂತು, ತೆಗೆದುಹಾಕಿದ್ದ ನುಡಿಯನ್ನು ಹಾಡಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಚೆನ್ನಾಗೈತೆ ಕಣೇ” ಎಂದರು. “ಆದ್ರೆ ನನ್ನ ಹೆಸರು ನನಗೆ ಗೊತ್ತಿಲ್ವಾ? ನಾಕು ಜನದ ಮುಂದೆ ಬರ್ಬೇಕಿತ್ತು, ಅಷ್ಟೇಯ.” ಆಮೇಲೆ ಎದ್ದು ಕಾಫಿ ಕಾಯಿಸಲು ಒಳಗೆ ಹೋದರು.

ಇನ್ನು ನಮ್ಮ ಮನೆಯಲ್ಲಿ ಉಳಿದಿರುವುದು ಮಗನ ಮದುವೆಯೊಂದೇ. ಎಲ್ಲ ಹೆಸರುಗಳನ್ನೂ ವಾಪಸು ಸೇರಿಸಿ ಹಾಡನ್ನು ಉದ್ದ ಮಾಡಿಟ್ಟಿದ್ದೇನೆ; ಸಿಕ್ಕಸಿಕ್ಕವರ ಹತ್ತಿರ ಹೆಣ್ಣು ವಿಚಾರಿಸುತ್ತಿದ್ದೇನೆ. ಸೊಸೆ ತರುವ ಆಸೆ ಎಂದು ಯಜಮಾನರು ನಗುತ್ತಾರೆ. ಮಗ, “ಇನ್ನೆರಡು ವರ್ಷ ಬಿಡಮ್ಮಾ, ಏನವಸರ?” ಎನ್ನುತ್ತಾನೆ. ಅತ್ತೆಗೆ ಎಂಬತ್ತು ದಾಟಿದೆ. ಕಿವಿ ದಿನದಿನಕ್ಕೆ ಮಂದವಾಗುತ್ತಿದೆ.