ಸ್ಕೂಟರಿನ ಮೇಲೆ ಬಂದ ನಿದ್ದೆ

ಹೆಂಡತಿಗೆ ಕೊಚ್ಚಿಗೆ ವರ್ಗವಾದ ವರ್ಷ ನನ್ನ ನಿದ್ದೆಯೂ ಅವಳ ಜೊತೆಗೇ ರೈಲು ಹತ್ತಿ ಹೋಯಿತು. ನಾನೂ ಆರು ವರ್ಷದ ಮಗಳೂ ತಿರುವನಂತಪುರದಲ್ಲಿ, ಶ್ರೀಕಾರ್ಯಂನ ಬಾಡಿಗೆ ಮನೆಯಲ್ಲಿ ಉಳಿದೆವು. ಅವಳು ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುವಳು. ಮೊದಲ ದಿನವೇ ಹೇಳಿದ್ದಳು: "ನಿಮಗ ಒಬ್ಬರಿಗೇ ಆಗಂಗಿಲ್ಲಂದ್ರ ಹೇಳ್ರಿ. ನೌಕರಿ ಬಿಟ್ಟು ಬಂದುಬಿಡ್ತೀನಿ." ಎಷ್ಟು ಒದ್ದಾಡಿ ಆ ಕುರ್ಚಿ ತಲುಪಿದ್ದಳೆಂದು ನನಗೆ ಗೊತ್ತಿತ್ತು. ಹಾಗಾಗಿ ದಿನಾ ಫೋನಿನಲ್ಲಿ "ನಿದ್ದಿ ಬಂತೇನ್ರೀ?" ಎಂದು ಕೇಳಿದರೆ, "ಹೆಣ ಬಿದ್ದಂಗ ಬಿದ್ದಿದ್ದೆ" ಎಂದು ಸಲೀಸಾಗಿ ಸುಳ್ಳು ಹೇಳುತ್ತಿದ್ದೆ.

ನಿದ್ದೆ ಎಲ್ಲಿಂದ ಬರಬೇಕು? ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನನಗೆ ಮೆತ್ತನೆಯ ಹಾಸಿಗೆಯೂ ಮುಳ್ಳಾಗಿತ್ತು. ಬೇಗ ಉಂಡು ನೋಡಿದೆ. ಅಂಗಾಲಿಗೆ ಎಣ್ಣೆ ತಿಕ್ಕಿದೆ. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಎರಡು ಗಂಟೆಯಾಯಿತೆಂದು ಅದನ್ನು ನೋಡದೆಯೇ ತಿಳಿಯುತ್ತಿತ್ತು.

ಕೊನೆಗೆ ನಂಬಿದ್ದು ಕಟ್ಟನ್ ಚಾಯವನ್ನು. ಕೆಳಗಿನ ಮನೆಯಲ್ಲಿದ್ದ ಮಾಲೀಕರ ಹೆಂಡತಿ, ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದವರು, ಊಟವಾದ ಮೇಲೆ ಶುಂಠಿ, ನಿಂಬೆ ಹಾಕಿದ, ಹಾಲಿಲ್ಲದ ಆ ಕೆಂಪು ಚಹಾ ಕಳಿಸುತ್ತಿದ್ದರು. ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಹಾಲು ಬಿದ್ದರೇ ಚಹಾ. ಹಾಲಿಲ್ಲದ್ದು ನೆಗಡಿಗೆ ಅವ್ವ ಕುಡಿಸುವ ಕಷಾಯ. ಕಷಾಯ ಕುಡಿದು ಯಾರ ನಿದ್ದೆ ಕೆಟ್ಟಿದೆ? ಒಂದಕ್ಕೆ ಎರಡು ಲೋಟ ಕುಡಿಯುತ್ತಿದ್ದೆ. ಆದರೂ ಕಣ್ಣು ಹತ್ತದಿದ್ದರೆ ನಾನೇ ಎದ್ದು ಮೂರನೆಯದನ್ನು ಕಾಯಿಸುತ್ತಿದ್ದೆ.

ರಾತ್ರಿಯೆಲ್ಲ ಕಾಡಿಸಿದ ನಿದ್ದೆ ಬೆಳಿಗ್ಗೆ ಎಂಟಕ್ಕೆ, ಮಗಳನ್ನು ಪಟ್ಟಂನ ಶಾಲೆಗೆ ಬಿಡಲು ಹೋಗುವಾಗ, ಸ್ಕೂಟರಿನ ಮೇಲೆ ಬರುತ್ತಿತ್ತು. ಅವಳು ಮುಂದೆ, ನನ್ನ ಮೊಣಕಾಲುಗಳ ನಡುವೆ ನಿಲ್ಲುತ್ತಿದ್ದಳು. ಒಮ್ಮೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಂದಿನ ಬಸ್ಸು ಮೂಗಿನ ಹತ್ತಿರವೇ ಇತ್ತು. ಅಷ್ಟಾದರೂ ಮರುದಿನ ಅದೇ ಸ್ಕೂಟರು ತೆಗೆದೆನಲ್ಲ, ನನ್ನಂಥ ಮೂರ್ಖ ಇನ್ನೊಬ್ಬನಿರಲಿಕ್ಕಿಲ್ಲ.

ಮಗಳದ್ದು ದಾರಿಯುದ್ದಕ್ಕೂ ಮಾತು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ. ಅಂಗಡಿ ಬೋರ್ಡು ಓದುವುದು, ಒಗಟು ಕೇಳುವುದು, ಕಾಗೆಗೆ ಹಲ್ಲು ಯಾಕಿಲ್ಲ ಎನ್ನುವುದು. ನಾನು ಉತ್ತರಿಸದಿದ್ದರೆ ಕೈ ಚಿವುಟುವಳು. ಒಂದು ಗುರುವಾರ ತಲೆ ಸಿಡಿಯುತ್ತಿತ್ತು. "ಸಾಕು ಮಾಡವ್ವಾ ತಾಯಿ! ನಾಳಿಂದ ಬಾಯಿ ಮುಚ್ಕೊಂಡು ನಿಂದ್ರು!" ಎಂದು ಅರಚಿದೆ.

ಶುಕ್ರವಾರ ಅವಳು ತುಟಿ ಪಿಟಕ್ಕೆನ್ನಲಿಲ್ಲ. ತಂಗಾಳಿ, ಇಂಜಿನ್ನಿನ ಗುರ್‍ರೆನ್ನುವ ಒಂದೇ ಸದ್ದು. ಹಾಯೆನಿಸಿತು.

ಆಮೇಲೆ ಹಾರ್ನು. ನಿಲ್ಲದ ಹಾರ್ನು.

"ಅಪ್ಪಾ, ಉರಙ್ಙಲ್ಲೇ! ಉರಙ್ಙಲ್ಲೇ!"

ನಿದ್ದೆ ಮಾಡಬೇಡ ಎಂದು ಕಿರುಚುತ್ತಿದ್ದಳು. ಹಾರ್ನಿನ ಗುಂಡಿಯ ಮೇಲೆ ಅವಳ ಪುಟ್ಟ ಹೆಬ್ಬೆರಳು. ಸ್ಕೂಟರು ರಸ್ತೆ ಬಿಟ್ಟು ಮಣ್ಣಿಗಿಳಿದಿತ್ತು. ಬ್ರೇಕು ಒತ್ತಿದೆ. ಮುಚ್ಚಳವಿಲ್ಲದ ಚರಂಡಿ ಮುಂದಿನ ಗಾಲಿಯಿಂದ ಒಂದು ಗೇಣು ದೂರದಲ್ಲಿತ್ತು.

ಅವಳನ್ನು ಇಳಿಸಿ ತಬ್ಬಿಕೊಂಡೆ. ಬಿಕ್ಕುತ್ತಾ ತನ್ನ ಮಲಯಾಳದಲ್ಲಿ ಹೇಳಿದಳು: ನಾನು ಮಾತಾಡ್ತಾ ಇದ್ದರೆ ಅಪ್ಪ ನಿದ್ದೆ ಮಾಡೋದಿಲ್ಲ, ಅದಕ್ಕೇ ಮಾತಾಡ್ತಿದ್ದೆ, ನೀನೇ ಬೇಡ ಅಂದೆಯಲ್ಲ.

ಎಷ್ಟು ದಿನದಿಂದ ಹೀಗೆ ನನ್ನನ್ನು ಕಾಯುತ್ತಿದ್ದಾಳೆಂದು ಕೇಳುವ ಧೈರ್ಯ ಬರಲಿಲ್ಲ. ಅಲ್ಲೇ ನಿಂತು ಕೊಚ್ಚಿಗೆ ಫೋನ್ ಮಾಡಿ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ.

"ಹೆಣ ಬಿದ್ದಂಗ ಬಿದ್ದಿದ್ದೆ ಅಂತಿದ್ರಲ್ಲ ದಿನಾ," ಎಂದಳು. ಮತ್ತೆ, "ರಾತ್ರಿ ಏನ್ ಕುಡೀತೀರಿ?"

"ಏನಿಲ್ಲ. ಚೇಚಿ ಕೊಡೋ ಕಷಾಯ. ಎರಡು, ಮೂರು ಲೋಟ."

"ಅದು ಕಟ್ಟನ್! ಖಡಕ್ ಚಹಾರೀ ಅದು! ಅಯ್ಯೋ ದೇವರೇ!" ಅವಳ ಧ್ವನಿ ಒಡೆಯಿತು. "ಹೇಳಿದ್ರ ನನ್ನ ನೌಕರಿ ಹೋಗ್ತಿತ್ತು. ಹೇಳದs ಇದ್ದದ್ದಕ್ಕ ಏನ್ ಹೋಗ್ತಿತ್ತು ಗೊತ್ತೈತೇನ್ರೀ? ಆ ಸ್ಕೂಟರಿನ ಕೀಲಿ ಇವತ್ತs ಚೇಚಿ ಕೈಯಾಗ ಕೊಡ್ರಿ."

ಕೊಟ್ಟೆ. ಕಟ್ಟನ್ ಅಂದೇ ಬಿಟ್ಟೆ. ನಿದ್ದೆಯೇನು ಕರೆದ ಕೂಡಲೇ ಬರಲಿಲ್ಲ. ಸರಿಹೋಗಲು ವಾರಗಳೇ ಹಿಡಿದವು. ಆದರೆ ಫೋನಿನಲ್ಲಿ "ಇಲ್ಲ, ಬರಲಿಲ್ಲ" ಎನ್ನುವುದನ್ನು ಕಲಿತೆ.

ಸೋಮವಾರ ಶಾಲೆಗೆ ಬಸ್ಸಿನಲ್ಲಿ ಹೊರಟೆವು. ಮಗಳು ಕಿಟಕಿ ಬಿಟ್ಟು ಡ್ರೈವರನ ಬೆನ್ನನ್ನೇ ತುಸು ಹೊತ್ತು ನೋಡಿದಳು. ಅವನು ಎಚ್ಚರವಿದ್ದಾನೆಂದು ಖಾತ್ರಿಯಾದ ಮೇಲೆ ನನ್ನ ಕಣ್ಣಿನ ಮೇಲೆ ಅಂಗೈ ಇಟ್ಟಳು.

"ಅಪ್ಪಾ, ಇನಿ ಉರಙ್ಙಿಕ್ಕೋ."

ಇನ್ನು ನಿದ್ದೆ ಮಾಡು ಎಂದಳು. ಪಟ್ಟಂ ಬರುವ ತನಕ ಅವಳು ಒಂದು ಮಾತೂ ಆಡಲಿಲ್ಲ.