ಮಂಚದ ಕೆಳಗಿನ ಮಣ್ಣು

ಲಿಯೋನಾಳ ವಿಷಯ ಬರೆಯಬೇಕೆಂದು ಕೂತರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಅವಳ ಮುಖವಲ್ಲ, ಆ ತಗಡಿನ ಡಬ್ಬಿ. ಹಂದಿಯ ಕೊಬ್ಬು ತುಂಬಿ ಮಾರುವಂಥ ದುಂಡನೆಯ ಡಬ್ಬಿ. ಬದಿಯಲ್ಲಿ ಅರ್ಧ ಉಜ್ಜಿಹೋದ ಒಂದು ಕೆಂಪು ಹೂವು. ಲಿಯೋನಾ ಹುಟ್ಟುವ ಮೊದಲೇ ಅದು ನಮ್ಮ ಮನೆಗೆ ಬಂದಿತ್ತು.

ಅವಳ ತಾಯಿ ರೋಸ್ವಿತಾ ನನ್ನ ಅಕ್ಕನ ಮಗಳು. ಯುದ್ಧ ಮುಗಿದ ಎರಡು ಮೂರು ವರ್ಷಕ್ಕೆ ಅಕ್ಕ ಕ್ಷಯದಲ್ಲಿ ಹೋದಳು, ಹುಡುಗಿ ನಮ್ಮಲ್ಲೇ ಬೆಳೆದಳು. ಜರ್ಮನಿಯ ನಮ್ಮೂರಲ್ಲಿದ್ದ ಅಮೆರಿಕದವರ ಪಾಳೆಯದ ಗೇಟಿನ ಹತ್ತಿರ ಬ್ರೆಡ್ಡಿನಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ದಿನಾ ಬನ್ನು ಕೊಳ್ಳಲು ಬರುತ್ತಿದ್ದ ಡ್ಯೂಯಿ ಎಂಬ ಟೆಕ್ಸಾಸಿನ ಸಿಪಾಯಿ ಬನ್ನು ತಿಂದು ತಿಂದೇ ಅವಳನ್ನು ಮದುವೆಯಾದ. ಅವನಿಗಾಗ ಹದಿನೆಂಟು. ಕಿವಿ ಎರಡೂ ಬಾಗಿಲು ತೆರೆದಿಟ್ಟ ಹಾಗೆ.

ನನ್ನ ಗಂಡ ಅಲ್ಫೋನ್ಸ್ ಕಲ್ಲುಗಣಿಯವನು, ಬಾಯಿ ಸುಮ್ಮನಿರುತ್ತಿರಲಿಲ್ಲ. "ಕೆಟೆ, ನಮ್ಮ ಅಳಿಯಂಗೆ ಗಡ್ಡ ಬರೋವರೆಗಾದ್ರೂ ಕಾಯಬಹುದಿತ್ತು ಕಣೇ. ಕ್ಷೌರದ ಕತ್ತಿ ಉಡುಗೊರೆ ಕೊಟ್ಟಿದೀನಿ, ಅದರಲ್ಲಿ ಅವನು ಚೀಸ್ ಕೊಯ್ತಾನೆ" ಅನ್ನುತ್ತಿದ್ದ. ಡ್ಯೂಯಿಗೆ ಅರ್ಧಂಬರ್ಧ ಅರ್ಥವಾಗಿ ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಮಹಡಿಯ ಮೇಲಿನ ಕೋಣೆಯನ್ನು ಇಬ್ಬರಿಗೂ ಬಿಟ್ಟುಕೊಟ್ಟೆವು.

ಬಸುರಿ ರೋಸ್ವಿತಾಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಡ್ಯೂಯಿಯ ತಾಯಿ ಓಪಲ್ ಆ ಡಬ್ಬಿ ಕಳಿಸಿದಳು. ಒಳಗೆ ಮಣ್ಣು. ಕಪ್ಪು ಅಂದರೆ ಕಪ್ಪು, ಒದ್ದೆ ಬೆಕ್ಕಿನ ಬೆನ್ನಿನ ಹಾಗೆ. ನಮ್ಮ ಕಡೆಯದು ಕೆಂಪು ಮರಳುಮಣ್ಣು. ಅಂಥದ್ದನ್ನು ನಾವು ಕಂಡಿರಲಿಲ್ಲ.

"ಏನಯ್ಯಾ, ನಮ್ಮ ಮಣ್ಣು ಸಾಲದೇನು ನಿಮಗೆ?" ಅಂದ ಅಲ್ಫೋನ್ಸ್. "ಊರ ತುಂಬ ಟ್ಯಾಂಕು ಓಡಿಸಿ ನುಣ್ಣಗೆ ಪುಡಿ ಮಾಡಿಟ್ಟಿದೀರಲ್ಲ, ಒಂದು ಬುಟ್ಟಿ ನಾನೇ ಕೊಡ್ತಿದ್ದೆ."

"ಇದು ಬೇರೆ, ಮಾವ. ನಮ್ಮಮ್ಮನ ಮನೆ ಹಿಂದೆ ಒಂದು ಮರ ಇದೆ, ಅದರ ಬುಡದ್ದು. ನನ್ನ ತಂಗಿ ಜಪಾನಲ್ಲಿ ಹುಟ್ಟಿದಾಗಲೂ ಮಂಚದ ಕೆಳಗೆ ಇದೇ ಡಬ್ಬಿ ಇಟ್ಟಿದ್ರು. ಹೆರೋವಾಗ ಕೆಳಗೆ ನಮ್ಮ ಮಣ್ಣಿದ್ರೆ ಮಗು ನಮ್ಮ ನೆಲದ ಮೇಲೇ ಹುಟ್ಟಿದ ಹಾಗೆ."

ಅವರ ಮನೆತನದಲ್ಲಿ ತಲೆತಲಾಂತರದಿಂದ ಸಿಪಾಯಿಗಳು. ಮಕ್ಕಳು ಎಲ್ಲೆಲ್ಲೋ ಹುಟ್ಟುವವರು, ಹಾಗಾಗಿ ಈ ಪದ್ಧತಿ. ಜೊತೆಗೆ ಪಾಳೆಯದ ಆಸ್ಪತ್ರೆಯೂ ಅಮೆರಿಕವೇ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಬೇಲಿಯೊಳಗೆ ಕಾಲಿಟ್ಟರೆ ಸಮುದ್ರ ದಾಟಿದ ಹಾಗೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದ ಕಾಲ. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯುವುದು ಎಂದು ಮಾತಾಗಿತ್ತು.

ಅಲ್ಲಿಯವರೆಗೆ ಇಡಲು ಜಾಗ ಬೇಕಲ್ಲ. ರೋಸ್ವಿತಾ ಅದನ್ನು ತನ್ನ ಮಂಚದ ಕೆಳಗೆ ತಳ್ಳಿ ಮಧ್ಯಾಹ್ನ ಒಂದು ಗಳಿಗೆ ಮಲಗಿದಳು. ನಾನು ಕೆಳಗೆ ಆಲೂಗಡ್ಡೆ ಸುಲಿಯುತ್ತಿದ್ದೆ. ಬಾಣಲೆ ಒಲೆಗೇರುವ ಮೊದಲೇ ಮೇಲಿಂದ ಅವಳ ಕೂಗು. ಹೊರಗೆ ಮೊಣಕಾಲುದ್ದ ಹಿಮ. ಪಾಳೆಯದ ಗಾಡಿ ಬರುವ ಸ್ಥಿತಿಯೇ ಇರಲಿಲ್ಲ. ಪಕ್ಕದ ಬೀದಿಯ ಸೂಲಗಿತ್ತಿ ವಾಲ್‌ಬುರ್ಗಾಳನ್ನು ಅಲ್ಫೋನ್ಸ್ ಹೆಗಲ ಮೇಲೆ ಹೊತ್ತು ತಂದ ಅನ್ನಬೇಕು.

"ಇದು ತಾನಾಗಿ ಬರ್ತಿರೋ ಮಗು ಅಲ್ಲ. ಯಾರೋ ಕೆಳಗಿಂದ ಎಳೀತಿರೋ ಹಾಗಿದೆ" ಅಂದಳು ವಾಲ್‌ಬುರ್ಗಾ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಹೆಂಗಸು.

ಮಗು ಹುಟ್ಟಿತು. ಬೊಗಸೆಯಷ್ಟು ಹೆಣ್ಣು ಕೂಸು. ನೆಲ ಒರೆಸಲು ಬಗ್ಗಿ ಡಬ್ಬಿಯನ್ನು ಎಳೆದರೆ ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಮಣ್ಣು ಬೆಚ್ಚಗಿತ್ತು. ಉಬ್ಬಲು ಇಟ್ಟ ಹಿಟ್ಟನ್ನು ಮುಟ್ಟಿದ ಹಾಗೆ.

ಹಿಮ ಕರಗಿದ ಮೇಲೆ ಡ್ಯೂಯಿ, ರೋಸ್ವಿತಾ, ಮಗುವನ್ನೆತ್ತಿಕೊಂಡ ನಾನು, ಮೂವರೂ ರೈಲು ಹತ್ತಿ ಅವರ ದೂತಾವಾಸಕ್ಕೆ ಹೋದೆವು. ಮಗುವನ್ನು ಅಮೆರಿಕದವಳೆಂದು ಬರೆಸಿ ಪಾಸ್‌ಪೋರ್ಟ್ ಮಾಡಿಸುವುದು. ಕನ್ನಡಕದ ಅಧಿಕಾರಿ ಒಳ್ಳೆಯವನೇ. ಮಗುವಿಗೆ ನಗೆ ತೋರಿಸಿದ. ಆಮೇಲೆ ಡ್ಯೂಯಿಯ ಹುಟ್ಟಿದ ದಿನ ಕೇಳಿ ನಗೆ ನಿಲ್ಲಿಸಿದ.

"ತಾಯಿ ಜರ್ಮನಿಯವರು. ಹಾಗಿದ್ದಾಗ ತಂದೆಯ ಲೆಕ್ಕವೊಂದೇ ನಮಗೆ ಮುಖ್ಯ. ಮಗು ಹುಟ್ಟೋ ಮೊದಲು ತಂದೆ ಹತ್ತು ವರ್ಷ ನಮ್ಮ ದೇಶದಲ್ಲಿ ಇದ್ದಿರಬೇಕು. ಅದರಲ್ಲಿ ಐದು, ಅವನು ಹದಿನಾಲ್ಕು ದಾಟಿದ ಮೇಲಿನದು."

"ಸೈನ್ಯದಲ್ಲಿರೋದೂ ಲೆಕ್ಕಕ್ಕೆ ಬರತ್ತೆ ಅಂದ್ರು, ಸಾರ್."

"ಬರತ್ತಪ್ಪ. ಆದ್ರೆ ಹತ್ತೊಂಬತ್ತೇ ತುಂಬದವನಿಗೆ ಹದಿನಾಲ್ಕರ ಮೇಲೆ ಐದು ವರ್ಷ ಎಲ್ಲಿಂದ ತರ್ತೀಯ?"

"ಇನ್ನೊಂದು ಹತ್ತು ಹನ್ನೆರಡು ದಿನ ಕಳೆದಿದ್ರೆ ತುಂಬಿರ್ತಿತ್ತು, ಸಾರ್. ಮಗು ತಿಂಗಳಿಗೆ ಮುಂಚೆ ಬಂದುಬಿಡ್ತು."

"ಹೊತ್ತಿಗೆ ಬಂದಿದ್ರೆ ನಮ್ಮದಾಗ್ತಿತ್ತು."

ಡ್ಯೂಯಿ ಮೇಜಿನ ಮೇಲೆ ಬಾಗಿದ. "ಅವಳು ಹುಟ್ಟಿದ್ದು ನಮ್ಮ ಮಣ್ಣಿನ ಮೇಲೇ, ಸಾರ್. ನಾನೇ ಸಾಕ್ಷಿ" ಎಂದು ಡಬ್ಬಿಯ ಕಥೆ ಹೇಳಿದ.

ಅಧಿಕಾರಿ ಗೇಲಿ ಮಾಡಲಿಲ್ಲ, ಅದೇ ನನಗೆ ಭಯವಾದದ್ದು. "ನೆಲ ನಾವು ನೋಡಲ್ಲ ಮಗಾ. ಪಾಳೆಯದ ಆಸ್ಪತ್ರೇಲಿ ಹುಟ್ಟಿದ್ರೂ ಅದು ಜರ್ಮನಿಯೇ. ಬೇಲಿ ಹಾಕಿದ ಮಾತ್ರಕ್ಕೆ ನೆಲ ಬದಲಾಗಲ್ಲ. ಮಗುವಿಗೆ ಇಲ್ಲಿನ ಪಾಸ್‌ಪೋರ್ಟ್ ಮಾಡಿಸು, ಆಮೇಲೆ ವೀಸಾಕ್ಕೆ ಬಾ."

ಆ ಮಗುವನ್ನು ಅಮೆರಿಕದವಳನ್ನಾಗಿ ಮಾಡಲೆಂದು ಬಂದ ಮಣ್ಣು, ಹೊತ್ತಿಗೆ ಮುಂಚೆ ಎಳೆದು ತಂದು ಅಮೆರಿಕದವಳಲ್ಲದ ಹಾಗೆ ಮಾಡಿತ್ತು. ರೈಲಿನಲ್ಲಿ ಬರುವಾಗ ಮೂವರ ತಲೆಯಲ್ಲೂ ಅದೇ ಇತ್ತು.

ನಮ್ಮೂರಿನ ಕಚೇರಿಯಲ್ಲಿ ಇನ್ನೊಂದು ರಾಗ. "ತಂದೆ ಅಮೆರಿಕದವನು, ಮಗು ಅವರದು. ನಮ್ಮದಲ್ಲ." ಅವರು ಬೇಡ ಅಂದರಲ್ಲ ಎಂದರೆ, "ಹಾಗಂತ ಅವರಿಂದ ಬರೆಸಿಕೊಂಡು ಬನ್ನಿ." ಅಲ್ಲಿ ಹೋಗಿ ಕೇಳಿದರೆ, "ಹೌದು ಅನ್ನೋದಕ್ಕೆ ಕಾಗದ ಕೊಡ್ತೀವಿ, ಇಲ್ಲ ಅನ್ನೋದಕ್ಕೆ ಕೊಡೋ ರೂಢಿ ಇಲ್ಲ." ಇಷ್ಟರಲ್ಲಿ ಡ್ಯೂಯಿಗೆ ವಿಯೆಟ್ನಾಮಿಗೆ ಹೋಗಲು ಆಜ್ಞೆ ಬಂತು. ಹೆಂಡತಿ ಮಗು ಟೆಕ್ಸಾಸಿಗೆ ಓಪಲ್ ಹತ್ತಿರ ಹೋಗಿ ಇರಬೇಕು ಎಂಬುದು ಅವನ ಆಸೆ. ಹೆಂಡತಿ ಹೋಗಬಹುದಿತ್ತು. ಮಗುವಿಗೆ ಯಾವ ದೇಶವೂ ಇರಲಿಲ್ಲ.

"ಮಗೂನ ನನ್ನ ಹತ್ರ ಬಿಟ್ಟು ಹೋಗು, ಕಾಗದ ಸಿಕ್ಕಿದ ಮೇಲೆ ಕರೆಸ್ಕೊ" ಅಂದೆ.

"ಬೇಡ ಚಿಕ್ಕಮ್ಮ" ಅಂದಳು ರೋಸ್ವಿತಾ. "ಆ ಡಬ್ಬಿ ಇರೋ ಮನೇಲಿ ಇವಳೊಬ್ಬಳನ್ನೇ ಬಿಟ್ಟು ಹೋಗಲ್ಲ."

ಅವಳಿಗಾಗಲೇ ತಿಳಿದಿತ್ತು. ನನಗೆ ತಿಳಿದದ್ದು ಡ್ಯೂಯಿ ಹೋದ ಮೇಲೆ, ಬೇಸಗೆಯಲ್ಲಿ. ನಮ್ಮ ಕಡೆ ದಿನಾ ಮಳೆ, ಗೋಡೆಗೆ ಪಾಚಿ. ಡಬ್ಬಿಯ ಮಣ್ಣು ಮಾತ್ರ ಒಣಗಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಮಗುವಿನ ತುಟಿಯೂ ಬಿರಿಯಿತು. ಎಷ್ಟು ಕುಡಿಸಿದರೂ ಬಾಯಾರಿಕೆ. ಚೊಂಬಿನಲ್ಲಿ ನೀರು ತಂದು ಮಣ್ಣಿಗೆ ಹಾಕಿದೆ. ಗಾಜಿನ ಮೇಲೆ ಹಾಕಿದ ಹಾಗೆ ಮೇಲೇ ನಿಂತಿತು, ಒಂದು ಹನಿಯೂ ಒಳಗಿಳಿಯಲಿಲ್ಲ. ಆಮೇಲೊಂದು ದಿನ ಮಣ್ಣು ತಾನಾಗಿ ನೆಂದು ಕಪ್ಪಾಯಿತು, ಮಗು ನಗುತ್ತ ಮಲಗಿತು. ಓಪಲ್‌ಳ ಕಾಗದ ಬಂದಾಗ ಗೊತ್ತಾಯಿತು: ಅಲ್ಲಿ ಬರ ಬಿದ್ದು, ಆ ವಾರವೇ ಮಳೆ ಹೊಯ್ದಿತ್ತು.

"ಎಸೆದು ಬರ್ತೀನಿ ಈ ದರಿದ್ರವನ್ನ" ಎಂದು ಅಲ್ಫೋನ್ಸ್ ಮಣ್ಣನ್ನು ಎಲೆಕೋಸಿನ ಪಾತಿಗೆ ಸುರಿದ. ಮಗು ಅಂದೇ ಹಾಲು ಬಿಟ್ಟಿತು. ಮೂರು ದಿನದ ಮಳೆಯಲ್ಲೂ ಆ ಕಪ್ಪುಮಣ್ಣು ನಮ್ಮ ಕೆಂಪಿನಲ್ಲಿ ಬೆರೆಯದೆ ಮಚ್ಚೆಯ ಹಾಗೆ ಬೇರೆಯೇ ಕೂತಿತ್ತು. ಕೊನೆಗೆ ಅಲ್ಫೋನ್ಸ್ ಮಂಡಿಯೂರಿ ಸೂಪಿನ ಚಮಚದಲ್ಲಿ ಅಷ್ಟನ್ನೂ ಕೆರೆದು ಡಬ್ಬಿಗೆ ತುಂಬಿದ. ಅವನು ಆಮೇಲೆ ಆ ವಿಷಯದಲ್ಲಿ ತಮಾಷೆ ಮಾಡಲಿಲ್ಲ.

ಮುಂದಿನ ವಸಂತದಲ್ಲಿ ಒಂದು ಬೆಳಿಗ್ಗೆ ಡಬ್ಬಿಯ ತುಂಬ ನೀರು ನಿಂತಿತ್ತು. ಕೊಳೆತ ಎಲೆಯ ವಾಸನೆ, ಬಿಸಿ ಹಬೆ. ರೋಸ್ವಿತಾ ಮೂಸಿ ನೋಡಿದಳು. "ಇದು ಅತ್ತೆ ಊರಿನ ಮಳೆ ಅಲ್ಲ ಚಿಕ್ಕಮ್ಮ. ಇದು ಬೇರೆ ಎಲ್ಲಿಯದೋ." ವಾರದೊಳಗೆ ಪಾಳೆಯದಿಂದ ಇಬ್ಬರು ಟೋಪಿ ಕೈಯಲ್ಲಿ ಹಿಡಿದು ಬಂದರು. ಡ್ಯೂಯಿ ಒಂದು ನದಿಯ ದಡದಲ್ಲಿ, ಮಳೆಯಲ್ಲಿ ತೀರಿಹೋಗಿದ್ದ. ಅವನಿಗಾಗ ಇಪ್ಪತ್ತು ವರ್ಷ.

ಆಮೇಲೆ ನಮ್ಮ ಕಚೇರಿಯವರ ಮನಸ್ಸು ಕರಗಿತು. ಯಾರಿಗೂ ಸೇರದ ಮಗು ತಾಯಿಗೆ ಸೇರುತ್ತದೆಂಬ ಒಂದು ಕಾನೂನು ಮೊದಲಿಂದಲೂ ಇತ್ತಂತೆ, ಆಗ ಅವರಿಗೆ ಸಿಕ್ಕಿತು. ಲಿಯೋನಾ ಜರ್ಮನಿಯವಳಾದಳು. ರೋಸ್ವಿತಾ ಹೆಚ್ಚು ಕಾಲ ಬದುಕಲಿಲ್ಲ. ತಾಯಿಯ ಕ್ಷಯವೇ ಅವಳನ್ನೂ ಹುಡುಕಿಕೊಂಡು ಬಂತು. ಹುಡುಗಿ ನನ್ನನ್ನು ಅಜ್ಜಿ ಎಂದೇ ಕರೆದಳು.

ಲಿಯೋನಾ ಬೆಳೆದು ಪಾಳೆಯದ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ತಂದೆಯಂಥದೇ ಕಿವಿ, ಅಲ್ಫೋನ್ಸನಂಥದೇ ನಾಲಿಗೆ. ಗೇಟಿನ ಹೊಸ ಸಿಪಾಯಿ ಪಾಸ್ ನೋಡಿ, "ಸರ್‌ನೇಮು ನಮ್ಮ ಕಡೆಯದು, ನೀವು ಮಾತ್ರ ಪರದೇಶದವರು!" ಅಂದರೆ, "ನಾನು ಸ್ವಲ್ಪ ಬೇಗ ಬಂದುಬಿಟ್ಟೆ ಕಣಪ್ಪ, ಇನ್ನೂ ಬಾಗಿಲು ತೆಗೆದಿರಲಿಲ್ಲ" ಅನ್ನುತ್ತಿದ್ದಳು.

ಆದರೆ ಡಬ್ಬಿಯಿಂದ ದೂರ ಅವಳಿಗೆ ಬದುಕಿರಲಿಲ್ಲ. ಎಕ್‌ಹಾರ್ಟ್ ಎಂಬ ಬಸ್ ಚಾಲಕನ ಜೊತೆ ಮನೆ ಮಾಡಿಕೊಂಡು ಪಟ್ಟಣಕ್ಕೆ ಹೋದಳು. ವಾರ ಕಳೆಯುವುದರೊಳಗೆ ತುಟಿ ಒಡೆದುಕೊಂಡು ವಾಪಸು ಬಂದಳು. ಡಬ್ಬಿಯನ್ನೇ ಅಲ್ಲಿಗೊಯ್ದಾಗ ಎಕ್‌ಹಾರ್ಟ್ ಹೆದರಿದ. "ರಾತ್ರಿಯೆಲ್ಲ ಮಂಚದ ಕೆಳಗೆ ಮಳೆ ಬೀಳೋ ಸದ್ದು. ನನ್ನಿಂದಾಗಲ್ಲ" ಎಂದು ಕೈಮುಗಿದ. ಅವಳು ಮತ್ತೆ ನಮ್ಮ ಮಹಡಿಗೇ ಬಂದಳು.

ಮೂವತ್ತು ದಾಟಿದ ಮೇಲೆ ಒಂದು ದಿನ, "ಅಜ್ಜಿ, ನಾನು ಟೆಕ್ಸಾಸಿಗೆ ಹೋಗಿ ಈ ಮಣ್ಣನ್ನ ತೆಗೆದ ಜಾಗಕ್ಕೇ ಸುರಿದು ಬರ್ತೀನಿ" ಅಂದಳು. "ಅದು ಮನೆ ಸೇರಿದ್ರೆ ನನ್ನ ಬಿಡಬಹುದು. ಎಕ್‌ಹಾರ್ಟ್ ಇನ್ನೂ ಮದುವೆ ಆಗಿಲ್ಲ, ಗೊತ್ತಾ?"

ಪ್ರವಾಸಿಯಾಗಿ ಹೋದಳು. ಎರಡು ವಾರದ ಮೇಲೆ ನನ್ನ ಅಡಿಗೆಮನೆಯ ಮೇಜಿನ ಮುಂದೆ ಕೂತು, ಪ್ಲಮ್ ಹಣ್ಣಿನ ಕೇಕು ಮುಟ್ಟದೆ, ಅವಳು ಹೇಳಿದ್ದು ಇದು.

ವಿಮಾನ ಇಳಿದ ಕೂಡಲೇ ಸುಂಕದವರು ಡಬ್ಬಿ ತೆಗೆಸಿದರು. ಹೊರಗಿನ ಮಣ್ಣು ಒಳಗೆ ಬಿಡುವಂತಿಲ್ಲ.

"ಇದು ಇಲ್ಲಿಯದೇ ಮಣ್ಣು" ಅಂದಳು ಲಿಯೋನಾ.

"ಇರಬಹುದು ಮೇಡಂ. ಒಂದು ಸಲ ಹೊರಗೆ ಹೋದ ಮೇಲೆ ಹೊರಗಿನದೇ" ಎಂದ ಆ ಹುಡುಗಪ್ರಾಯದ ಅಧಿಕಾರಿ. ಕೈಗವಸು ಹಾಕಿಕೊಂಡು ಡಬ್ಬಿಯನ್ನು ಸುಡಲು ಒಯ್ದ. ಆ ಕ್ಷಣ ಅವಳ ಬಾಯಿಯ ಎಂಜಲೆಲ್ಲ ಆರಿಹೋಯಿತಂತೆ.

ಓಪಲ್‌ಗೆ ಕಣ್ಣು ಪೂರಾ ಹೋಗಿತ್ತು. ಮೊಮ್ಮಗಳ ಕಿವಿಯನ್ನು ಮುಟ್ಟಿ ನೋಡಿ, "ಡ್ಯೂಯಿ ಮಗಳೇ. ಸುಳ್ಳಿಲ್ಲ" ಅಂದಳು. ಆಮೇಲೆ ಕೈ ಹಿಡಿದು ಹಿತ್ತಲಿನ ಮರದ ಬುಡಕ್ಕೆ ಕರೆದೊಯ್ದಳು. ಅಲ್ಲಿ ಡಬ್ಬಿಯಷ್ಟೇ ಅಗಲದ ಒಂದು ದುಂಡನೆ ಗುಂಡಿ. ಅಷ್ಟು ವರ್ಷದ ಮಳೆ, ಗಾಳಿ, ಕೋಳಿಗಳ ಕೆದಕಾಟ. ಅದು ತುಂಬಿರಲಿಲ್ಲ, ಹುಲ್ಲು ಹುಟ್ಟಿರಲಿಲ್ಲ. ಎಷ್ಟು ಸಲ ಮಣ್ಣು ಹಾಕಿದರೂ ಇಳಿದುಹೋಗುತ್ತಿತ್ತಂತೆ.

ಸುರಿಯಲು ಮಣ್ಣಿಲ್ಲ. ಏನು ತೋಚಿತೋ, ಲಿಯೋನಾ ಚಪ್ಪಲಿ ಬಿಟ್ಟು ಗುಂಡಿಯೊಳಗೆ ಎರಡೂ ಕಾಲಿಟ್ಟು ನಿಂತಳು. "ಬೆಚ್ಚಗಿತ್ತು ಅಜ್ಜಿ. ತುಟಿ ನೋವು ತಕ್ಷಣ ಹೋಯ್ತು. ಎಷ್ಟು ಹಾಯಾಗಿತ್ತು ಅಂದ್ರೆ, ಅಲ್ಲೇ ಇದ್ದುಬಿಡೋಣ ಅನ್ನಿಸ್ತು. ಆಮೇಲೆ ಕಾಲು ತೆಗೀಲಿಕ್ಕೆ ಹೋದೆ. ಬರಲಿಲ್ಲ." ಮಣ್ಣು ಹಿಮ್ಮಡಿಯ ಸುತ್ತ ಕೂಡಿಕೊಂಡಿತ್ತು. ಮೊಣಕಾಲಿನವರೆಗೆ ಏರುತ್ತಿತ್ತು. ಅವಳು ಕೂಗಲೂ ಇಲ್ಲ.

ಕುರುಡು ಓಪಲ್‌ಗೆ ಹೇಗೆ ತಿಳಿಯಿತೋ. ಕೋಲಿನಿಂದ ನೆಲಕ್ಕೆ ಎರಡು ಸಲ ತಟ್ಟಿ, ಕೊಟ್ಟಿಗೆಯಲ್ಲಿ ಹಸುವನ್ನು ಗದರುವವರ ಹಾಗೆ, "ಬಿಡೇ ಅವಳನ್ನ. ಬಿಡು ಅಂದೆ. ಇಲ್ಲಿ ಇರೋಕೆ ಅವಳ ಹತ್ರ ಕಾಗದ ಇಲ್ಲ" ಅಂದಳು.

ಮಣ್ಣು ಬಿಟ್ಟಿತು. ದೊಡ್ಡದೊಂದು ಬಾಯಿ ತೆರೆದ ಸದ್ದು. ಓಪಲ್ ಅವಳನ್ನು ಎದೆಗವಚಿಕೊಂಡು, "ನಾನು ಆ ಮಣ್ಣು ಕಳಿಸಬಾರದಿತ್ತು ಕಂದಾ ಅಂತ ಎಷ್ಟು ಸಲ ಅಂದ್ಕೊಂಡೆ. ಹೋಗು, ನಿನ್ನ ಮನೆಗೆ ಹೋಗು" ಅಂದಳಂತೆ. ಮರುದಿನ ಬೆಳಿಗ್ಗೆ ನೋಡಿದರೆ ಗುಂಡಿ ಸಮನಾಗಿತ್ತು.

ಲಿಯೋನಾ ಎಕ್‌ಹಾರ್ಟ್‌ನನ್ನು ಮದುವೆಯಾದಳು. ಪಟ್ಟಣದಲ್ಲಿದ್ದಾಳೆ, ತುಟಿ ಒಡೆಯುವುದಿಲ್ಲ, ಮಂಚದ ಕೆಳಗೆ ಮಳೆಯಿಲ್ಲ. ಭಾನುವಾರ ಬರುತ್ತಾಳೆ, ನನ್ನ ಉಗುರು ಕತ್ತರಿಸುತ್ತಾಳೆ, ಬೈಯುತ್ತಾಳೆ.

ಕಳೆದ ಭಾನುವಾರ ಅವಳಿಗೆ ಕಾಲು ನೋವು, ಬಿಸಿನೀರಿನ ಬಕೆಟ್ಟು ತಂದುಕೊಟ್ಟೆ. ಟೆಕ್ಸಾಸಿಂದ ಬಂದ ಮೇಲೆ ಇಷ್ಟು ವರ್ಷ ಅವಳು ನನ್ನ ಮುಂದೆ ಕಾಲುಚೀಲ ಬಿಚ್ಚಿರಲಿಲ್ಲ ಎಂಬುದು ಆಗ ಹೊಳೆಯಿತು. ಎರಡೂ ಅಂಗಾಲು ಹಿಮ್ಮಡಿಯವರೆಗೆ ಕಪ್ಪಗಿದ್ದವು. ಒದ್ದೆ ಬೆಕ್ಕಿನ ಬೆನ್ನಿನ ಕಪ್ಪು. ಸೋಪು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ಕಾಲು ಇಳಿಬಿಟ್ಟರೂ ಬಕೆಟ್ಟಿನ ನೀರು ಅಂಗಾಲಿಗೆ ತಾಗದೆ, ನಡುವೆ ಗಾಜಿಟ್ಟ ಹಾಗೆ, ಸ್ವಲ್ಪ ಕೆಳಗೇ ನಿಂತಿತ್ತು.

"ಅಲ್ಲಿಂದ ಬರೋವಾಗ ಇದನ್ನ ಯಾರೂ ಹಿಡೀಲಿಲ್ವೇನೇ?" ಅಂದೆ.

"ಪಾಸ್‌ಪೋರ್ಟ್ ನೋಡಿದ್ರು, ಚೀಲ ನೋಡಿದ್ರು" ಅಂದಳು ಲಿಯೋನಾ, ಕಾಲುಚೀಲ ಏರಿಸಿಕೊಳ್ಳುತ್ತ. "ಅಂಗಾಲು ಯಾರು ನೋಡ್ತಾರೆ ಅಜ್ಜಿ?"