ತಾರೀಖಿಲ್ಲದ ಕೆಮ್ಮು

ದರ್ಜಿ ಸತ್ತ ಮೂರನೇ ವಾರ ಅವನ ಹೆಂಡತಿ ಅಂಗಡಿ ತೆರೆದಳು. ಬಾಗಿಲು ಎಳೆದ ಕೂಡಲೇ ನಾತ ಮೂಗಿಗೆ ಹೊಡೆಯಿತು. ಲೋಟದ ತಳದಲ್ಲಿ ಉಳಿದ ಟೀ ಮೇಲೆ ಬೂಷ್ಟು ಕೂದಲಿನಂತೆ ಬೆಳೆದಿತ್ತು. ಮೂಲೆಯಲ್ಲಿ ಅರ್ಧಕ್ಕೆ ಬಿಟ್ಟ ಬಟ್ಟೆಗಳ ರಾಶಿ. ಅದರೊಳಗೆ ಇಲಿ ಸಂಸಾರ ಹೂಡಿತ್ತು. ಇಲಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡಳು.

ಅವನ ಕೈ ಬಂಗಾರದ್ದು ಅಂತ ಬೀದಿಯೆಲ್ಲ ಹೊಗಳುತ್ತಿತ್ತು. ಬಾಯಲ್ಲಿ ಮಾತ್ರ ಒಂದೇ ಮಾತು, "ನಾಳೆ ಬನ್ನಿ." ಕೇಳಿ ಕೇಳಿ ಅವಳಿಗೆ ವಾಕರಿಕೆ ಬರುತ್ತಿತ್ತು. ಬಾಗಿಲ ಬಳಿ ಗುಂಡಿ ಹಚ್ಚುತ್ತ ಕೂರುತ್ತಿದ್ದವಳು ಅವಳು. ಗಿರಾಕಿಗಳ ಬೈಗುಳವೆಲ್ಲ ಅವಳ ತಲೆಗೇ. ಹೊಲಿಯಲು ಕೊಟ್ಟ ಕೋಟು ಕೈಗೆ ಸಿಗದೆ ಒಬ್ಬ ಮದುಮಗ ಬಾಡಿಗೆ ಕೋಟು ತೊಟ್ಟು ಮದುವೆಯಾದ. ಅಂದೇ ಅವಳೊಂದು ಉಪಾಯ ಹೂಡಿದಳು. ಗಿರಾಕಿ ಹೇಳಿದ ದಿನಕ್ಕಿಂತ ನಾಲ್ಕು ದಿನ ಮುಂಚಿನ ತಾರೀಖನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೇ ದಪ್ಪಗೆ ಬರೆಯತೊಡಗಿದಳು. ಆಮೇಲೆ ಒಂದೂ ತಪ್ಪಲಿಲ್ಲ. ಆತುರವೇನಿಲ್ಲ ಎಂದು ಹೇಳಿ ಹೋದವರ ಬಟ್ಟೆ ಮಾತ್ರ ಮೂಲೆ ಸೇರಿತು.

"ನಿನ್ನ ತಾರೀಖು ಸುಳ್ಳು ಅಂತ ನಂಗೊತ್ತು ಕಣೆ," ಎಂದ ಒಂದು ದಿನ, ಸೂಜಿಗೆ ದಾರ ಪೋಣಿಸುತ್ತ.

"ಗೊತ್ತಿದ್ದೂ ಯಾಕ್ರೀ ಹೊಲಿತೀರಾ?"

"ಏನ್ಮಾಡ್ಲಿ, ಅಂಕಿ ಕಂಡ್ರೆ ಕಾಲು ತಾನಾಗೇ ಪೆಡಲ್ ತುಳಿಯುತ್ತೆ. ಇಲ್ದಿದ್ರೆ ಬೆನ್ನು ಗೋಡೆ ಬಿಡಲ್ಲ."

ಆಮೇಲೆ ಅವನಿಗೆ ಕೆಮ್ಮು ಶುರುವಾಯಿತು. ಡಾಕ್ಟರು ಚೀಟಿ ಬರೆದು, "ಆತುರವೇನಿಲ್ಲ, ಬಿಡುವಾದಾಗ ಒಂದು ಎಕ್ಸ್‌ರೇ ತೆಗೆಸಿ," ಎಂದರು. ಚೀಟಿ ಜೇಬಿಗೆ ಹೋಯಿತು.

"ನಾಳೆ ಹೋಗ್ತೀನಿ ಬಿಡೆ."

ಅವಳಿಗೆ ರೇಗಿತು. ಬಟ್ಟೆಗೂ ನಾನೇ ತಾರೀಖು ಬರೀಬೇಕು, ಇವರ ಎದೆಗೂ ನಾನೇ ಬರೀಬೇಕಾ? "ನಾನೇನು ನಿಮ್ಮ ಗಡಿಯಾರನಾ? ಹೋದ್ರೆ ಹೋಗಿ, ಬಿಟ್ರೆ ಬಿಡಿ," ಎಂದು ಗುಂಡಿ ಹಚ್ಚಲು ಕೂತಳು. ಏಳು ತಿಂಗಳು ಕೆಮ್ಮಿದ. ಕಡೆಗೆ ಆಸ್ಪತ್ರೆಗೆ ಸ್ಟ್ರೆಚರ್ ಮೇಲೆ ಹೋದ. ವಾಪಸು ಬಂದದ್ದು ಹೆಣ.

ಈಗ ಅವಳು ಮೆಷಿನ್ನಿನ ಕೆಳಗೆ ಕೈ ಹಾಕಿದಳು. ಚಿಂದಿಗಳ ಮುದ್ದೆ ಸಿಕ್ಕಿತು. ಕಫ, ರಕ್ತ ಒಣಗಿ ರಟ್ಟಾಗಿತ್ತು. ಉಗುಳಿ ಉಗುಳಿ ಅಲ್ಲಿ ತುರುಕಿಟ್ಟಿದ್ದ. ಥೂ, ಎಂದಳು. ಅವನಿಗೊಂದು ಥೂ. ಆ ಚೀಟಿಯ ಮೇಲೆ ಎರಡು ಅಂಕಿ ಗೀಚದ ತನ್ನ ಕೈಗಿನ್ನೊಂದು.

ಬಾಗಿಲಲ್ಲಿ ಶಾಲೆಯ ಮೇಷ್ಟ್ರು ಬಂದು ನಿಂತರು. ಅವರ ಕೋಟು ಆ ರಾಶಿಯಲ್ಲೇ ಇತ್ತು, ತೋಳಿಲ್ಲದೆ.

"ನಿಮ್ಮನ್ನ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ ತಾಯಿ. ಕೋಟಿಗೇನೂ ಆತುರವಿಲ್ಲ, ನಿಧಾನಕ್ಕೆ..."

"ಆ ಮಾತು ಮಾತ್ರ ಇಲ್ಲಿ ಆಡ್ಬೇಡಿ ಮೇಷ್ಟ್ರೆ. ತಾರೀಖು ಹೇಳಿ."

ಮೇಷ್ಟ್ರು ತಬ್ಬಿಬ್ಬಾದರು. "ಇಪ್ಪತ್ತು... ಇಪ್ಪತ್ತು ಅನ್ನಿ."

ಅವಳು ಕೋಟು ಕೊಡವಿ, ಇಲಿಯ ಹಿಕ್ಕೆ ಉದುರಿಸಿ, ಮೇಜಿನ ಮೇಲೆ ಹರಡಿದಳು. ಬೆನ್ನಿನ ಮೇಲೆ ಹದಿನಾರು ಎಂದು ದಪ್ಪಗೆ ಬರೆದಳು. ತೋಳು ಕೂಡಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಹದಿನಾರಕ್ಕೆ ಇನ್ನೂ ಆರು ದಿನ ಇತ್ತು. ಕಲಿಯಬೇಕು.